ಕಟ್ಟಡದ ಪರವಾನಿಗೆಯೂ ನೆರೆಯವರ ಹಕ್ಕೂ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಕೋರ್ಟು-ಕಚೇರಿಯ ಮಾತು ಯಾಕೆ ಅಂತ ಕೆಲವರಿಗೆ ಅನಿಸಬಹುದು. ಆದರೆ ಸಂಘದ ಸಾಲ ಈಗ ಬೀಜ-ಗೊಬ್ಬರಕ್ಕೆ ಮಾತ್ರ ಅಲ್ಲವಲ್ಲ. ಗಣೇಶಗುಡಿ ಕಡೆ ಪ್ರವಾಸಿಗರು ಬರತೊಡಗಿದ ಮೇಲೆ ಗದ್ದೆಯಂಚಿಗೆ ನಾಲ್ಕು ಖೋಲಿ ಕಟ್ಟಿ ಹೋಮ್‌ಸ್ಟೇ ಮಾಡೋಣ ಎಂಬ ಆಸೆ ನಮ್ಮ ಹುಡುಗರಿಗೂ ಹುಟ್ಟಿದೆ. ಆಸೆ ತಪ್ಪಲ್ಲ. ಪಕ್ಕದವರು ತಕರಾರು ಅರ್ಜಿ ಕೊಟ್ಟರೆ ಮಾತ್ರ "ಹೊಟ್ಟೆಕಿಚ್ಚು ಬಿಡ್ರಿ" ಅಂದುಬಿಡುತ್ತೇವೆ. ಕಾಯಿದೆ ಹಾಗೆ ನೋಡುವುದಿಲ್ಲ.

ಉಡುಪಿಯ ಒಂದು ಮೊಕದ್ದಮೆ ಹೇಳುತ್ತೇನೆ. ಪೇಟೆಯದೇ ಹೌದು, ಆದರೂ ನಮಗೆ ಬೇಕಾದದ್ದು ಅದರಲ್ಲಿದೆ. ಅಲ್ಲಿ ಒಂದು ಕೇರಿಯನ್ನು ನಗರ ಯೋಜನೆಯಲ್ಲಿ ವಾಸದ ಮನೆಗಳಿಗೆಂದು ಇಟ್ಟಿದ್ದರು. ಒಬ್ಬರು ಕಲ್ಯಾಣ ಮಂಟಪ ಕಟ್ಟುತ್ತೇನೆಂದು ಪರವಾನಿಗೆ ಪಡೆದರು. ಆಮೇಲೆ ಅದನ್ನೇ ಸಿನೆಮಾ ಟಾಕೀಸು ಮಾಡಲು ಪುರಸಭೆ ಒಪ್ಪಿತು. ಅದೇ ಕೇರಿಯ ನಿವಾಸಿಯೊಬ್ಬರು ಹೈಕೋರ್ಟಿಗೆ ಹೋದರು. ಒಪ್ಪಿಗೆ ಯೋಜನೆಗೆ ವಿರುದ್ಧವೆಂದು ಹೈಕೋರ್ಟಿಗೂ ಕಂಡಿತು. ಆದರೆ ಕಟ್ಟಿದವರು ಆಗಲೇ ಬಹಳ ದುಡ್ಡು ಹಾಕಿದ್ದಾರೆಂದು ಕೈ ಹಾಕಲಿಲ್ಲ. ಆ ಮನುಷ್ಯ ಬಿಡಲಿಲ್ಲ, ದಿಲ್ಲಿವರೆಗೆ ಹೋದರು. 1974ರಲ್ಲಿ ಸುಪ್ರೀಂ ಕೋರ್ಟು ಪುರಸಭೆಯ ಒಪ್ಪಿಗೆಯನ್ನೇ ರದ್ದು ಮಾಡಿತು. ಯೋಜನೆ ಇರುವುದು ಜನರ ಹಿತಕ್ಕೆ, ಅದನ್ನು ಪಾಲಿಸಿರಿ ಎಂದು ಕೇಳುವ ಹಕ್ಕು ಆ ಪ್ರದೇಶದ ಪ್ರತಿ ನಿವಾಸಿಗೂ ಇದೆ, ಖರ್ಚು ಮಾಡಿದ್ದರಿಂದ ಕಾಯಿದೆಬಾಹಿರ ಒಪ್ಪಿಗೆ ಸಿಂಧುವಾಗದು ಎಂಬುದು ಆ ತೀರ್ಪಿನ ತಿರುಳು.

ಇನ್ನು ನಮ್ಮ ಹಳ್ಳಿಗೆ ಬರೋಣ. ನಗರ ಯೋಜನೆ ಇಲ್ಲದ ಕಡೆ ಎರಡು ಕಾಯಿದೆ ಮುಖ್ಯ. 1993ರ ಪಂಚಾಯತ್ ರಾಜ್ ಕಾಯಿದೆಯ 64ನೇ ಕಲಮಿನ ಪ್ರಕಾರ ಕಟ್ಟಡ ಕಟ್ಟಲು ಗ್ರಾಮ ಪಂಚಾಯಿತಿಯ ಲಿಖಿತ ಪರವಾನಿಗೆ ಬೇಕು. ಇಲ್ಲದೆ ಕಟ್ಟಿದರೆ, ಇಲ್ಲವೇ ಷರತ್ತು ಮೀರಿದರೆ, ಕೆಲಸ ನಿಲ್ಲಿಸಲು, ಕೆಡವಲು ನೋಟೀಸು ಕೊಡುವ ಅಧಿಕಾರ ಪಂಚಾಯಿತಿಗಿದೆ. 1964ರ ಭೂಕಂದಾಯ ಕಾಯಿದೆಯ 95ನೇ ಕಲಮು ಇನ್ನೊಂದು. ಕೃಷಿಗೆ ಬೇಕಾದ ಕಟ್ಟಡ, ಬಾವಿ ಇವನ್ನು ಮಾಲ್ಕಿ ಜಮೀನಿನಲ್ಲಿ ರೈತ ಮಾಡಿಕೊಳ್ಳಬಹುದು. ಪ್ರವಾಸಿಗರ ಖೋಲಿ ಕೃಷಿ ಕಟ್ಟಡವಲ್ಲ. ಅದಕ್ಕೆ ಜಿಲ್ಲಾಧಿಕಾರಿಗಳಿಂದ ಬಿನ್‌ಶೇತ್ಕಿ ಆಗಬೇಕು. ಕೊಟ್ಟಿಗೆ ಅಂತ ಬರೆಸಿ ಖೋಲಿ ಕಟ್ಟುವ ಜಾಣತನ ಉಡುಪಿಯ ಟಾಕೀಸಿನ ಜಾತಿಯದೇ.

ನಮಗೆ ಇನ್ನೊಂದು ಗಂಟೂ ಇದೆ. ಅಣಶಿ ರಾಷ್ಟ್ರೀಯ ಉದ್ಯಾನ ಆದದ್ದು 1987ರಲ್ಲಿ, ಹುಲಿ ಮೀಸಲು 2007ರಲ್ಲಿ, ಕಾಳಿ ಎಂಬ ಹೆಸರು ಬಂದದ್ದು 2015ರಲ್ಲಿ. ಪಂಚಾಯಿತಿ ಪರವಾನಿಗೆ ಕೊಟ್ಟಿತು ಅಂದಮಾತ್ರಕ್ಕೆ ಅರಣ್ಯದ ಕಾಯಿದೆ ಸುಮ್ಮನಾಗುವುದಿಲ್ಲ. ಇಲ್ಲಿ ಸೋಲುವುದು ಹೆಚ್ಚಾಗಿ ಸಣ್ಣವರು. ದೊಡ್ಡ ರೆಸಾರ್ಟಿನವರಿಗೆ ವಕೀಲರು ಇರುತ್ತಾರೆ, ನಮಗೆ ಸಂಘದ ಕಂತು ಇರುತ್ತದೆ.

ತಕರಾರು ಮಾಡುವವರಿಗೂ ಒಂದು ಮಾತು. ಪಾಯ ತೋಡುವಾಗ ಸುಮ್ಮನಿದ್ದು ಸ್ಲ್ಯಾಬು ಬಿದ್ದ ಮೇಲೆ ಎದ್ದರೆ ಎಲ್ಲ ಕೋರ್ಟೂ ಉಡುಪಿಯವರಿಗೆ ಸಿಕ್ಕಷ್ಟು ಪರಿಹಾರ ಕೊಟ್ಟೀತೆಂದು ನೆಚ್ಚಬೇಡಿ. ಮೊದಲೇ ಪಂಚಾಯಿತಿಗೆ ಅರ್ಜಿ ಕೊಡಿ, ಆವಕ ನಂಬರು ಹಾಕಿಸಿ ಪ್ರತಿ ಇಟ್ಟುಕೊಳ್ಳಿ. ಯಾವ ನಿಯಮ ಮೀರಿದೆ, ನಿಮ್ಮ ದಾರಿಗೋ ನೀರಿಗೋ ಏನು ತೊಂದರೆ ಅಂತ ಬರೆಯಿರಿ. ಹಳೆಯ ಸಿಟ್ಟು ಬರೆಯಬೇಡಿ. ಅಲ್ಲಿ ಆಗದಿದ್ದರೆ ಹೈಕೋರ್ಟಿಗೆ ಈಗ ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಧಾರವಾಡದಲ್ಲಿ 2008ರಲ್ಲಿ ಶುರುವಾದ ಸಂಚಾರಿ ಪೀಠ 2013ರಲ್ಲಿ ಕಾಯಂ ಆಗಿದೆ. ಆದರೂ ಖರ್ಚು ಖರ್ಚೇ. ಚಿರೇಕಲ್ಲು ಇಳಿಸುವ ಮೊದಲು ನಕಾಶೆ ಹಿಡಿದು ಪಕ್ಕದ ಮನೆಯ ಜಗುಲಿಯಲ್ಲಿ ಕೂತು ತೋರಿಸಿದರೆ ಅರ್ಧ ತಕರಾರು ಅಲ್ಲೇ ಬಗೆಹರಿಯುತ್ತದೆ.

ಕಡೆಗೆ ಸಂಘದ ವಿಷಯ. ಕೆಡವಬೇಕೆಂದು ನೋಟೀಸು ಬಂದ ಕಟ್ಟಡದ ಮೇಲಿನ ಸಾಲ ಯಾರಿಂದ ವಸೂಲಾಗಬೇಕು? ಜಾಮೀನು ನಿಂತವನ ಗದ್ದೆಯಿಂದಲೇ. ಆದ್ದರಿಂದ ಕಟ್ಟಡ ಸಾಲದ ಅರ್ಜಿಗೆ ಪಂಚಾಯಿತಿ ಪರವಾನಿಗೆ, ಬಿನ್‌ಶೇತ್ಕಿ ಆದೇಶ, ಸರ್ವೆ ನಕಾಶೆ ಇವುಗಳ ನಕಲು ಲಗತ್ತಿಸಲೇಬೇಕೆಂದು ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಠರಾವು ಮಾಡಿರೆಂದು ಆಡಳಿತ ಮಂಡಳಿಯವರನ್ನು ಕೋರುತ್ತೇನೆ.