ಸೋಮವಾರದ ಒಪ್ಪತ್ತು

ಕೃಷ್ಣೆಗೆ ಆಲಮಟ್ಟಿಯಲ್ಲಿ ಕಟ್ಟಿರುವ ಅಣೆಕಟ್ಟಿನ ಹಿಂದೆ ನಿಂತ ನೀರಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಸಾಗರವೆಂದು ಹೆಸರು. ನಾನು ಹುಟ್ಟಿದ ಊರು ಈಗ ಆ ನೀರಿನ ಅಡಿಯಲ್ಲಿದೆ. ನಮ್ಮ ಮನೆಯ ಪಡಸಾಲೆ, ನಾನು ಅಕ್ಷರ ಕಲಿತ ಶಾಲೆ, ಬಿಳಿಜೋಳ ಬೆಳೆಯುತ್ತಿದ್ದ ಎರೆಹೊಲ, ಎಲ್ಲವೂ ಅಲ್ಲಿಯೇ ಇವೆ. ಹೀಗಾಗಿ ಶಾಸ್ತ್ರೀಜಿಯವರ ವಿಷಯವಾಗಿ ಮಾತನಾಡಲು ಕುಳಿತಾಗ ನಾಲ್ಕು ಒಳ್ಳೆಯ ಮಾತು ಹೇಳಿ ಎದ್ದುಬಿಡುವುದು ನನಗೆ ಸಾಧ್ಯವಾಗುವುದಿಲ್ಲ. ಅವರನ್ನು ನೆನೆದಾಗಲೆಲ್ಲ ನನ್ನೊಳಗೆ ಒಂದು ಪ್ರಶ್ನೆ ಏಳುತ್ತದೆ: ಜನರಿಂದ ತ್ಯಾಗವನ್ನು ಬೇಡುವ ಹಕ್ಕು ನಾಯಕನಾದವನಿಗೆ ಎಲ್ಲಿಂದ ಬರುತ್ತದೆ?

1964ನೆಯ ಇಸವಿ ಮೇ 22ರಂದು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಅಡಿಗಲ್ಲನ್ನಿಟ್ಟವರು ಶಾಸ್ತ್ರೀಜಿಯವರೇ. ಆಗ ಅವರು ನೆಹರೂ ಸಂಪುಟದಲ್ಲಿ ಖಾತೆಯಿಲ್ಲದ ಸಚಿವರು. ನಮ್ಮಪ್ಪ ಊರಿನ ನಾಲ್ಕಾರು ಜನರೊಡನೆ ಚಕ್ಕಡಿ ಹೂಡಿಕೊಂಡು ಹೋಗಿ ಆ ಸಮಾರಂಭವನ್ನು ದೂರದಿಂದಲೇ ನೋಡಿ ಬಂದಿದ್ದ. "ಮನಿಷಾ ಭಾಳ ಗಿಡ್ಡ. ಇಂಥಾವ್ರ ಕೈಲೆ ಈ ಹೊಳಿ ಕಟ್ಟೂದು ಆದೀತೇನು?" ಎಂದು ಅವ್ವನ ಮುಂದೆ ಹೇಳಿದ್ದು ನನಗೆ ನೆನಪಿದೆ. ಐದೇ ದಿನಗಳಲ್ಲಿ ನೆಹರೂ ತೀರಿಕೊಂಡರು. ಜೂನ್ 9ರಂದು ಆ ಗಿಡ್ಡ ಮನುಷ್ಯರೇ ಪ್ರಧಾನಿಯಾದರು. ಅಪ್ಪ ಆಡಿದ ಮಾತನ್ನೇ ಆಗ ದೇಶವಿಡೀ ಆಡಿತು: ಇವರಿಂದ ಆದೀತೇ?

ಅವರ ಬಾಳನ್ನು ಬಲ್ಲವರು ಹಾಗೆ ಕೇಳುತ್ತಿರಲಿಲ್ಲ. 1904ರ ಅಕ್ಟೋಬರ್ 2ರಂದು ಮೊಗಲ್‌ಸರಾಯಿಯಲ್ಲಿ ಹುಟ್ಟಿದ ಮಗುವಿಗೆ ಎರಡು ವರ್ಷ ತುಂಬುವ ಮೊದಲೇ ತಂದೆ ತೀರಿಹೋದರು. ತಾಯಿ ರಾಮದುಲಾರಿ ದೇವಿ ತವರಿನ ಆಸರೆಯಲ್ಲಿ ಮಕ್ಕಳನ್ನು ಸಾಕಿದರು. 1921ರಲ್ಲಿ ಗಾಂಧೀಜಿಯ ಕರೆಗೆ ಓಗೊಟ್ಟು ಹುಡುಗ ಕಾಶಿಯ ಶಾಲೆಯನ್ನು ಬಿಟ್ಟ. ಮುಂದೆ ಕಾಶಿ ವಿದ್ಯಾಪೀಠದಲ್ಲಿ ಓದಿ ಪಡೆದ 'ಶಾಸ್ತ್ರಿ' ಪದವಿಯೇ ಹೆಸರಿನೊಡನೆ ಉಳಿಯಿತು. ಜಾತಿಯನ್ನು ಸೂಚಿಸುವ ಅಡ್ಡಹೆಸರನ್ನು ಅವರು ಬಿಟ್ಟುಕೊಟ್ಟಿದ್ದರು. 1928ರಲ್ಲಿ ಲಲಿತಾ ದೇವಿಯವರನ್ನು ಮದುವೆಯಾದಾಗ ಮಾವನ ಮನೆಯಿಂದ ತೆಗೆದುಕೊಂಡದ್ದು ಒಂದು ಚರಕ, ಕೆಲವು ಗಜ ಖಾದಿ. ಸ್ವಾತಂತ್ರ್ಯ ಹೋರಾಟದಲ್ಲಿ ಒಟ್ಟು ಸುಮಾರು ಒಂಬತ್ತು ವರ್ಷ ಅವರ ವಾಸ ಸೆರೆಮನೆಯಲ್ಲಿ.

ಅವರು ತಪ್ಪನ್ನೇ ಮಾಡದವರೆಂದು ನಾನು ಹೇಳುವುದಿಲ್ಲ. 1965ರ ಜನವರಿಯಲ್ಲಿ ಹಿಂದಿಯ ಪ್ರಶ್ನೆ ಮದ್ರಾಸ್ ರಾಜ್ಯದಲ್ಲಿ ಹೊತ್ತಿ ಉರಿದಾಗ ಅವರ ಸರ್ಕಾರ ಎಚ್ಚೆತ್ತದ್ದು ತಡವಾಗಿ. ಜೀವಗಳು ಹೋದ ಮೇಲೆ, ಫೆಬ್ರವರಿಯಲ್ಲಿ, ಇಂಗ್ಲಿಷು ಮುಂದುವರಿಯುವುದೆಂದು ಅವರು ಬಾನುಲಿಯಲ್ಲಿ ಭರವಸೆ ಕೊಟ್ಟರು.

ಅದೇ ವರ್ಷ ಆಗಸ್ಟಿನಲ್ಲಿ ಕಾಶ್ಮೀರದೊಳಕ್ಕೆ ಪಾಕಿಸ್ತಾನದ ನುಸುಳುಕೋರರು ಬಂದರು. ಸೆಪ್ಟೆಂಬರ್ 1ರಂದು ಛಂಬ್ ಪ್ರದೇಶದಲ್ಲಿ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದವು. ಅಖನೂರು ಕೈಬಿಟ್ಟರೆ ಕಾಶ್ಮೀರದ ದಾರಿಯೇ ಕತ್ತರಿಸಿಹೋಗುವ ಹೊತ್ತು. ಮೆತ್ತನೆಯ ಮಾತಿನ ಈ ಮನುಷ್ಯ ತಡಮಾಡದೆ ವಿಮಾನಪಡೆಯನ್ನು ಬಳಸಲು ಒಪ್ಪಿಗೆ ಕೊಟ್ಟರು. ಸೆಪ್ಟೆಂಬರ್ 6ರಂದು ನಮ್ಮ ಸೈನ್ಯ ಅಂತರರಾಷ್ಟ್ರೀಯ ಗಡಿಯನ್ನು ದಾಟಿ ಲಾಹೋರಿನ ದಿಕ್ಕಿಗೆ ಹೊರಟಿತು. ಯುದ್ಧ ಎಲ್ಲಿ ನಡೆಯಬೇಕೆಂಬುದನ್ನು ಎದುರಾಳಿಯೇ ಗೊತ್ತುಮಾಡಲು ಅವರು ಬಿಡಲಿಲ್ಲ. ಸೆಪ್ಟೆಂಬರ್ 23ರಂದು ಕದನವಿರಾಮವಾಯಿತು.

ಆದರೆ ಯುದ್ಧ ಗಡಿಯಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ಆ ವರ್ಷ ಮಳೆ ಕೈಕೊಟ್ಟಿತ್ತು. ದೇಶ ಅಮೆರಿಕದ ಗೋಧಿಯನ್ನು ನೆಚ್ಚಿಕೊಂಡಿತ್ತು. ಅಧ್ಯಕ್ಷ ಜಾನ್ಸನ್ನರು ದೀರ್ಘಾವಧಿಯ ಒಪ್ಪಂದಕ್ಕೆ ಒಪ್ಪದೆ ಅದನ್ನು ತುಸುತುಸುವೇ ಬಿಡುಗಡೆ ಮಾಡತೊಡಗಿದ್ದರು. ಬಂದೂಕು ಹಿಡಿದವನ ಹಿಂದೆ ನೇಗಿಲು ಹಿಡಿದವನಿಲ್ಲದಿದ್ದರೆ ದೇಶ ನಿಲ್ಲದೆಂಬುದನ್ನು ಶಾಸ್ತ್ರೀಜಿ ಕಂಡುಕೊಂಡರು. 'ಜೈ ಜವಾನ್, ಜೈ ಕಿಸಾನ್' ಹುಟ್ಟಿದ್ದು ಹೀಗೆ. ಉಕ್ಕಿನ ಖಾತೆಯಲ್ಲಿದ್ದ ಸಿ. ಸುಬ್ರಹ್ಮಣ್ಯಂ ಅವರನ್ನು ಕೃಷಿ ಖಾತೆಗೆ ತಂದವರೂ ಅವರೇ. ಮೆಕ್ಸಿಕೋದ ಗಿಡ್ಡ ಗೋಧಿಯ ಬೀಜಕ್ಕೆ ಬಾಗಿಲು ತೆರೆದದ್ದು ಆ ಕಾಲದಲ್ಲಿ. ಅದರ ಫಲವನ್ನು ನೋಡಲು ಅವರು ಉಳಿಯಲಿಲ್ಲ.

ಆಗಲೇ ಅವರು ದೇಶವನ್ನು ಒಂದು ಸಣ್ಣ ವಸ್ತು ಕೇಳಿದರು: ವಾರಕ್ಕೆ ಒಂದು ಹೊತ್ತಿನ ಊಟ. ಸೋಮವಾರ ರಾತ್ರಿ ಉಣ್ಣಬೇಡಿರೆಂದರು. ಪಟ್ಟಣಗಳಲ್ಲಿ ಹೋಟೆಲುಗಳು ಸೋಮವಾರ ಸಂಜೆ ಬಾಗಿಲು ಹಾಕಿದವು. ನಮ್ಮೂರಲ್ಲಿ ಹೋಟೆಲಿರಲಿಲ್ಲ. ಹೆಡ್‌ಮಾಸ್ತರರು ಶಾಲೆಯ ಕಟ್ಟೆಯ ಮೇಲೆ ನಿಂತು ಊರವರಿಗೆ ಈ ಸಂಗತಿ ತಿಳಿಸಿದರು. ನನಗಾಗ ಹತ್ತು ವರ್ಷ. ಗುಂಪಿನಲ್ಲಿದ್ದ ಕೂಲಿಯ ಮುದುಕನೊಬ್ಬ ನಕ್ಕು, "ನಮಗ ಸ್ವಾಮಾರ ಒಂದss ಏನ್ರೀ ಮಾಸ್ತರ?" ಎಂದ. ಮಾಸ್ತರರು ಉತ್ತರ ಕೊಡಲಿಲ್ಲ. ಆ ನಗುವಿನಲ್ಲಿದ್ದ ನಿಜ ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ.

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ. ಅವ್ವ ಆ ಸಂಜೆ, "ಎತ್ತಿಗೆ ಬಿಡುವು ಐತಿ, ಒಲಿಗೂ ಇರಲಿ" ಎಂದು ಬೂದಿ ಸರಿಸಿ ಒಲೆಯ ಮೇಲೆ ಕೊಡ ಮುಚ್ಚಿಟ್ಟಳು. ಹಸಿವಾಯಿತೆಂದು ನಾನು ಅತ್ತೆ. ಅವಳು ನೀರು ಕುಡಿಸಿ ಮಲಗಿಸಿದಳು. ದಿಲ್ಲಿಯ ಒಬ್ಬ ಮನುಷ್ಯನ ಮಾತಿಗೆ ಕೃಷ್ಣೆಯ ದಂಡೆಯ ಹೆಣ್ಣುಮಗಳು ಒಲೆ ಆರಿಸಿದ್ದೇಕೆ? ಕಾನೂನಿನ ಭಯವಿರಲಿಲ್ಲ. ನೋಡಿಕೊಳ್ಳಲು ಯಾರೂ ಬರುತ್ತಿರಲಿಲ್ಲ.

ಕಾರಣ ಸರಳವೆಂದು ನನಗೆ ತೋರುತ್ತದೆ. ದೇಶವನ್ನು ಕೇಳುವ ಮೊದಲು ತಮ್ಮ ಮನೆಯಲ್ಲಿಯೇ ಒಂದು ಸಂಜೆ ಅಡಿಗೆ ಮಾಡಿಸದೆ, ಮಕ್ಕಳು ಹಸಿವು ತಾಳುವರೋ ಎಂದು ಅವರು ನೋಡಿದ್ದರಂತೆ. ಅವರ ಮಕ್ಕಳೇ ಮುಂದೆ ಹೇಳಿಕೊಂಡ ಮಾತಿದು. ಮನೆಯ ಹುಲ್ಲುಹಾಸನ್ನು ಉಳಿಸಿ ಗೋಧಿ ಬಿತ್ತಿದ್ದರು. 1956ರಲ್ಲಿ ಅರಿಯಲೂರಿನ ರೈಲು ದುರಂತದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತಾಗ ರೈಲ್ವೆ ಸಚಿವರಾಗಿದ್ದ ಅವರು ಹೊಣೆ ಹೊತ್ತು ಅಧಿಕಾರ ಬಿಟ್ಟಿದ್ದರು. ಪ್ರಧಾನಿಯಾಗಿದ್ದಾಗ ಕಾರು ಕೊಳ್ಳಲು ಬ್ಯಾಂಕಿನಿಂದ ತೆಗೆದ 5,000 ರೂಪಾಯಿ ಸಾಲ ಅವರು ಸತ್ತಾಗ ಇನ್ನೂ ತೀರಿರಲಿಲ್ಲ. ಲಲಿತಾ ದೇವಿಯವರು ಪಿಂಚಣಿಯಲ್ಲಿ ತೀರಿಸಿದರು. ತಾನು ಮೊದಲು ಕೊಟ್ಟವನು ಮಾತ್ರ ಕೇಳಬಲ್ಲ. ಜನ ಇದನ್ನು ಓದಿ ತಿಳಿಯಬೇಕಾಗಿಲ್ಲ, ಹೇಗೋ ತಿಳಿದುಕೊಳ್ಳುತ್ತಾರೆ.

1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಅಯೂಬ್ ಖಾನರೊಡನೆ ಅವರು ಒಪ್ಪಂದಕ್ಕೆ ಸಹಿ ಹಾಕಿದರು. ಸೈನಿಕರು ರಕ್ತ ಸುರಿಸಿ ಗೆದ್ದ ಹಾಜಿಪೀರ್ ಕಣಿವೆಯನ್ನು ಮರಳಿ ಕೊಡಬೇಕಾಯಿತು. ಇದರಿಂದ ನೊಂದವರು ಬಹಳ ಜನ. ಅವರ ನೋವನ್ನು ತಪ್ಪೆನ್ನಲಾಗದು. ಯುದ್ಧಕ್ಕೆ ಹೆದರದವರು ಸಂಧಿಗೂ ಹೆದರಲಿಲ್ಲವೆಂದಷ್ಟೇ ನಾನು ಹೇಳುವೆ. ಆ ರಾತ್ರಿ ಕಳೆದು 11ರ ಬೆಳಗಾಗುವ ಮೊದಲೇ ಅವರು ಹೃದಯಾಘಾತದಿಂದ ತೀರಿಕೊಂಡರು. ಆ ಸಾವಿನ ಬಗ್ಗೆ ಎದ್ದ ಸಂಶಯಗಳು ಇಂದಿಗೂ ಅಡಗಿಲ್ಲ. ಅವರು ಆಳಿದ್ದು ಹತ್ತೊಂಬತ್ತು ತಿಂಗಳು.

ಇನ್ನು ಅವರ ಹೆಸರಿನ ನೀರಿನ ಮಾತು. ಅವರು ಅಡಿಗಲ್ಲಿಟ್ಟ ಕಟ್ಟೆ ಮುಗಿಯಲು ನಾಲ್ಕು ದಶಕಗಳು ಹಿಡಿದವು. ನೀರು ಏರುತ್ತ ಬಂದಂತೆ ಹಳೆಯ ಬಾಗಲಕೋಟೆಯ ಓಣಿಗಳು ಮುಳುಗಿದವು, ದಂಡೆಯ ಹಳ್ಳಿಗಳು ಮುಳುಗಿದವು. ನಮ್ಮ ಮನೆಯನ್ನು ಅಳೆಯಲು ಬಂದವರು ಪಡಸಾಲೆಯನ್ನು ಚದರ ಅಡಿಗಳಲ್ಲಿ ಬರೆದುಕೊಂಡರು. ಪರಿಹಾರಕ್ಕಾಗಿ ಎಪ್ಪತ್ತು ವರ್ಷದ ಅಪ್ಪ ಕಚೇರಿಯೊಂದರ ಮೆಟ್ಟಿಲ ಮೇಲೆ ದಿನಗಟ್ಟಲೆ ಕುಳಿತ. ಊರು ಬಿಡುವ ದಿನ ಗೋಡೆಯ ಮೇಲಿದ್ದ ಶಾಸ್ತ್ರೀಜಿಯ ಚಿತ್ರವನ್ನು ತಾನೇ ಇಳಿಸಿ ಧೋತರದಲ್ಲಿ ಸುತ್ತಿಕೊಂಡು ಅಂದ: "ಇವ್ರು ಒಂದ ಹೊತ್ತಿನ ಊಟ ಕೇಳಿದ್ರು, ತಾವೂ ಬಿಟ್ರು. ಈಗಿನವ್ರು ಊರss ತಗೊಂಡ್ರು. ಕೇಳಲಿಲ್ಲ, ಬರೇ ಹೇಳಿದ್ರು."

ಆ ನೀರನ್ನು ನಾನು ಶಪಿಸಲಾರೆ. ಬರದ ಬಾಯಿಗೆ ಬಿದ್ದಿದ್ದ ಎಷ್ಟೋ ಹೊಲಗಳು ಇಂದು ಅದರಿಂದ ಹಸಿರಾಗಿವೆ. ಆ ರೈತರೂ ನಮ್ಮವರೇ. ಊರು ಕೊಡಬಾರದಿತ್ತೆಂದು ಅಪ್ಪನೂ ಎಂದೂ ಅನ್ನಲಿಲ್ಲ. ಅವನಿಗೆ ನೋವಾದದ್ದು ಯಾರೂ ಕೇಳಲಿಲ್ಲವೆಂದು. ದೊಡ್ಡವರ ಹೆಸರನ್ನು ಕಟ್ಟೆಗೆ, ರಸ್ತೆಗೆ, ಶಾಲೆಗೆ ಇಡುವುದು ಸುಲಭ. ಅವರು ಕೇಳುತ್ತಿದ್ದ ರೀತಿಯಲ್ಲಿ ಕೇಳುವುದು ಕಷ್ಟ.

ಬೇಸಿಗೆಯಲ್ಲಿ ನೀರು ಇಳಿದಾಗ ನಾನು ಅಲ್ಲಿಗೆ ಹೋಗುವುದುಂಟು. ಮನೆ ಗುರುತಿಗೆ ಸಿಗುವುದಿಲ್ಲ. ಕೆಸರಿನಲ್ಲಿ ಶಾಲೆಯ ಕಟ್ಟೆಯ ಕಲ್ಲುಗಳು ಮಾತ್ರ ಕಾಣುತ್ತವೆ. ಅವ್ವ ಬದುಕಿದ್ದಷ್ಟು ಕಾಲ ಸೋಮವಾರ ರಾತ್ರಿ ಉಣ್ಣಲಿಲ್ಲ. ಆ ವ್ರತವನ್ನು ಬಿಡಿರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.