ಬೆಲೆಯೇರಿಕೆಯ ದಿನಗಳಲ್ಲಿ ಬಡವರ ನಿಧಿ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಧರ್ಮಕೇಂದ್ರದ ಸಂತ ವಿನ್ಸೆಂಟ್ ದ ಪೌಲ್ ಸಭೆಯ ಪರವಾಗಿ ಮಾಡಿದ ಭಾಷಣದ ಪಾಠ)



ನೂರು ವರ್ಷ ತುಂಬಿದ ದೇವಾಲಯದ ಉತ್ಸವದಲ್ಲಿ ಹಣಕಾಸಿನ ಮಾತೆತ್ತುವುದು ಕೆಲವರಿಗೆ ಅಪಶ್ರುತಿಯಂತೆ ಕೇಳಿಸೀತು. ಈ ದೇವಾಲಯವನ್ನು ಕಟ್ಟಿದ ಪೂರ್ವಿಕರನ್ನೂ ಇಲ್ಲಿ ಸೇವೆ ಸಲ್ಲಿಸಿದ ಗುರುಗಳನ್ನೂ ಕುರಿತು ನಮಗಿಂತ ಸಮರ್ಥರು ಮಾತನಾಡಿದ್ದಾರೆ. ಬಡವರ ನಿಧಿಯ ಲೆಕ್ಕದ ಪುಸ್ತಕವನ್ನು ಕುರಿತು ಮಾತನಾಡುವ ಪಾಲು ನಮಗೆ ಬಂದಿದೆ. ಅದೂ ಈ ದೇವಾಲಯದ ಚರಿತ್ರೆಯ ಒಂದು ಅಧ್ಯಾಯವೇ ಆದುದರಿಂದ ಸಂಕೋಚವಿಲ್ಲದೆ ಆರಂಭಿಸುತ್ತೇವೆ.

1617ನೆಯ ಇಸವಿಯಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರಿನಲ್ಲಿ ವಿನ್ಸೆಂಟರು ಧರ್ಮಕೇಂದ್ರದ ಗುರುಗಳಾಗಿದ್ದರು. ಆಗಸ್ಟ್ ತಿಂಗಳ ಒಂದು ಭಾನುವಾರ ಅವರು ಬಲಿಪೂಜೆಗೆ ಉಡುಪು ಧರಿಸುತ್ತಿದ್ದಾಗ, ಊರಿನಿಂದ ಸ್ವಲ್ಪ ದೂರದ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳುವವರೇ ಇಲ್ಲ ಎಂಬ ಸುದ್ದಿ ಬಂತು. ಪ್ರಬೋಧನೆಯಲ್ಲಿ ಅವರು ಆ ಕುಟುಂಬದ ಪ್ರಸ್ತಾಪ ಮಾಡಿದರು. ಮಧ್ಯಾಹ್ನದ ನಂತರ ತಾವೇ ಅಲ್ಲಿಗೆ ಹೊರಟಾಗ, ಗುಂಪು ಗುಂಪಾಗಿ ಹೋಗುತ್ತಿದ್ದ, ಹಿಂದಿರುಗುತ್ತಿದ್ದ ಸ್ತ್ರೀಯರು ದಾರಿಯುದ್ದಕ್ಕೂ ಎದುರಾದರು. ಎಲ್ಲರೂ ಆ ಒಂದು ಮನೆಗೆ ಆಹಾರ ಕೊಟ್ಟು ಬಂದವರೇ. ನಮ್ಮಂಥವರಾಗಿದ್ದರೆ ಕಣ್ಣೀರು ತುಂಬಿ ಕೃತಜ್ಞತಾಸ್ತೋತ್ರ ಹೇಳಿ ಮನೆಗೆ ಮರಳುತ್ತಿದ್ದೆವೇನೋ. ವಿನ್ಸೆಂಟರಿಗೆ ಕಂಡದ್ದು ಬೇರೆ. ಇಂದು ಆ ಮನೆಯಲ್ಲಿ ಆಹಾರ ಮಿಕ್ಕಿ ಹಳಸುತ್ತದೆ. ನಾಲ್ಕು ದಿನ ಕಳೆದರೆ ಅದೇ ಜನ ಹಸಿದಿರುತ್ತಾರೆ. ಕರುಣೆಗೆ ಅಲ್ಲಿ ಬಡತನವಿರಲಿಲ್ಲ, ವ್ಯವಸ್ಥೆಗೆ ಇತ್ತು. ಕೆಲವೇ ದಿನಗಳಲ್ಲಿ ಅವರು ಆ ಸ್ತ್ರೀಯರನ್ನು ಕೂಡಿಸಿ ಸರದಿ ಏರ್ಪಡಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಆ ಸಂಘ ವಿಧ್ಯುಕ್ತವಾಗಿ ಸ್ಥಾಪನೆಯಾಯಿತು.

ಆ ಸಂಘಕ್ಕೆ ಅವರು ಬರೆದ ನಿಯಮಾವಳಿ ಇಂದಿಗೂ ಉಳಿದಿದೆ. ಹಣ ಯಾರ ಬಳಿ ಇರಬೇಕು, ಲೆಕ್ಕ ಹೇಗೆ ಒಪ್ಪಿಸಬೇಕು ಎಂಬುದರ ಜೊತೆಗೇ ರೋಗಿಗೆ ಊಟ ಬಡಿಸುವ ರೀತಿಯೂ ಅದರಲ್ಲಿದೆ. ಮನೆಯಲ್ಲಿ ಜೊತೆಗಾರರಿರುವ ರೋಗಿಗಳಿಗೆ ಮೊದಲು ಬಡಿಸಿ, ಒಂಟಿಯಾಗಿರುವವರ ಬಳಿಗೆ ಕೊನೆಯಲ್ಲಿ ಹೋಗಬೇಕು. ಹಾಗೆ ಮಾಡಿದರೆ ಒಂಟಿಯಾದವರ ಬಳಿ ಹೆಚ್ಚು ಹೊತ್ತು ಕುಳಿತಿರಬಹುದು ಎಂದು ಅಲ್ಲಿ ಹೇಳಿದೆ. ಹಣದ ನಿಯಮವನ್ನೂ ಪ್ರೀತಿಯ ನಿಯಮವನ್ನೂ ಒಂದೇ ಕಾಗದದ ಮೇಲೆ ಬರೆದ ಈ ಗುರುವನ್ನು ಬರಿಯ ಮೃದುಹೃದಯಿ ಎಂದು ಚಿತ್ರಿಸುವುದು ಅರ್ಧ ಸತ್ಯ. ಯುದ್ಧದಿಂದ ಹಾಳಾದ ಪಿಕಾರ್ಡಿ, ಶಾಂಪೇನ್ ಪ್ರಾಂತಗಳಿಂದ ಅವರ ಸಹಚರರು ಬರೆದ ಕಾಗದಗಳನ್ನು ಆಧರಿಸಿ 1650ರಿಂದ ಪ್ಯಾರಿಸಿನಲ್ಲಿ ವರದಿಪತ್ರಗಳು ಅಚ್ಚಾಗಿ ಹಂಚಲ್ಪಟ್ಟವು. ಅವನ್ನು ಓದಿದವರು ಹಣ ಕೊಟ್ಟರು. ಎಲ್ಲಿ ಏನು ನಡೆದಿದೆ, ಕೊಟ್ಟ ಹಣ ಏನಾಯಿತು ಎಂದು ತಿಳಿದ ದಾನಿ ಮತ್ತೆ ಕೊಡುತ್ತಾನೆ ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಗಂಡಸರನ್ನೂ ಹೆಂಗಸರನ್ನೂ ಒಂದೇ ಸಂಘದಲ್ಲಿ ಸೇರಿಸಿ ನಡೆಸುವ ಪ್ರಯೋಗವನ್ನು ವಿನ್ಸೆಂಟರು ಕೆಲವು ಊರುಗಳಲ್ಲಿ ಮಾಡಿ ನೋಡಿದರು. ಗಂಡಸರು ಆಡಳಿತವನ್ನೆಲ್ಲ ತಮ್ಮ ಕೈಗೆ ತೆಗೆದುಕೊಳ್ಳಲು ಹೊರಡುತ್ತಾರೆ, ಹೆಂಗಸರ ಲೆಕ್ಕದಲ್ಲಾದರೋ ತಪ್ಪು ಹುಡುಕಲು ಏನೂ ಸಿಗುವುದಿಲ್ಲ ಎಂಬುದು ಅವರ ಅನುಭವವಾಯಿತು. ನಮ್ಮ ಸಮಿತಿಗಳ ರಚನೆಯನ್ನು ನೋಡಿದರೆ ಈ ಮಾತು ನಮ್ಮನ್ನು ತಲುಪಲು ನಾಲ್ಕು ಶತಮಾನವೂ ಸಾಲದಾಯಿತು ಎನಿಸುತ್ತದೆ.

ನಮ್ಮ ಸಭೆಯು ವಿನ್ಸೆಂಟರ ಹೆಸರನ್ನು ಹೊತ್ತಿದ್ದರೂ ಅವರು ಸ್ಥಾಪಿಸಿದ್ದಲ್ಲ. 1833ರ ಏಪ್ರಿಲ್ 23ರಂದು ಪ್ಯಾರಿಸಿನಲ್ಲಿ ಫ್ರೆಡೆರಿಕ್ ಓಝನಾಮ್ ಮತ್ತು ಅವರ ಸಂಗಡಿಗರು ಇದನ್ನು ಆರಂಭಿಸಿದರು. ಅಂದು ಓಝನಾಮರಿಗೆ ಸರಿಯಾಗಿ ಇಪ್ಪತ್ತು ವರ್ಷ. ಸಭೆ ಸೇರಿದಾಗ ಚೀಲವೊಂದು ಕೈಯಿಂದ ಕೈಗೆ ಹೋಗುವುದು, ಯಾರೆಷ್ಟು ಹಾಕಿದರೆಂದು ಯಾರಿಗೂ ತಿಳಿಯದಿರುವುದು ಅಂದಿನಿಂದ ಬಂದ ಪದ್ಧತಿ. ಬಡವರಿಗೆಂದು ಬಂದ ಹಣವನ್ನು ಕೂಡಿಹಾಕಬಾರದು ಎಂಬುದೂ ಹಳೆಯ ನಿಯಮವೇ. ನೋಂದಾಯಿತ ಧರ್ಮಾರ್ಥ ಸಂಸ್ಥೆಗಳು ವರ್ಷದ ಆದಾಯದಲ್ಲಿ ಶೇಕಡಾ 85ನ್ನು ಉದ್ದೇಶಕ್ಕಾಗಿ ವಿನಿಯೋಗಿಸಬೇಕೆಂದು ನಮ್ಮ ದೇಶದ ಆದಾಯ ತೆರಿಗೆಯ ಕಾನೂನು ಹೇಳುವಾಗ, ಅದೂ ಓಝನಾಮರ ಪಕ್ಷದಲ್ಲೇ ನಿಂತಂತಿದೆ.

ಈಗ ಕಾಲದ ಮಾತಿಗೆ ಬರೋಣ. ನಮ್ಮ ಹಿರಿಯರು ಒಂದು ಮೂಲಧನವನ್ನು ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇಟ್ಟು, ಅದರ ಬಡ್ಡಿಯಿಂದ ಬಡವರ ಕೆಲಸ ಶಾಶ್ವತವಾಗಿ ನಡೆಯಲಿ ಎಂದು ಹಾರೈಸಿದರು. 1990ರ ದಶಕದ ಮಧ್ಯಭಾಗದಲ್ಲಿ ಬಡ್ಡಿಯ ದರ ಶೇಕಡಾ 12ರ ಸುಮಾರಿನಲ್ಲಿತ್ತು. ಲಕ್ಷ ರೂಪಾಯಿಗೆ ವರ್ಷಕ್ಕೆ 12,000 ಬರುತ್ತಿತ್ತು. 2020ರ ವೇಳೆಗೆ ಅದೇ ದರ ಶೇಕಡಾ 6ಕ್ಕಿಂತ ಕೆಳಗಿಳಿಯಿತು; ಅದೇ ಲಕ್ಷಕ್ಕೆ 6,000ವೂ ಹುಟ್ಟಲಿಲ್ಲ. ಆ ಬಳಿಕ ದರ ತುಸು ಏರಿತೆಂಬುದು ನಿಜ. ಆದರೆ ಈ ಅವಧಿಯಲ್ಲಿ ಔಷಧಿಯ ಬೆಲೆ, ಮನೆಬಾಡಿಗೆ, ಶಾಲೆಯ ಶುಲ್ಕಗಳು ಎಲ್ಲಿಗೆ ಹೋದವೆಂಬುದನ್ನು ಇಲ್ಲಿ ಕುಳಿತಿರುವ ಯಾವ ಗೃಹಿಣಿಗೂ ನಾವು ವಿವರಿಸಬೇಕಾಗಿಲ್ಲ. ಬ್ಯಾಂಕಿನ ಪುಸ್ತಕದಲ್ಲಿ ಮೂಲಧನ ಒಂದು ಪೈಸೆಯೂ ಕಡಿಮೆಯಾಗಿಲ್ಲ. ಅದರಿಂದ ಕೊಳ್ಳಬಹುದಾದದ್ದು ಮಾತ್ರ ವರ್ಷ ವರ್ಷವೂ ಸವೆಯುತ್ತ ಬಂದಿದೆ.

ಹೊರಗಿನ ಆಸರೆಯೂ ಹಿಂದಿನಂತಿಲ್ಲ. ವಿದೇಶಿ ದೇಣಿಗೆಗೆ ಸಂಬಂಧಿಸಿದ ಕಾನೂನು 2020ರ ಸೆಪ್ಟೆಂಬರಿನಲ್ಲಿ ತಿದ್ದುಪಡಿಯಾದಾಗ, ಹಾಗೆ ಪಡೆದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವುದನ್ನು ನಿಷೇಧಿಸಲಾಯಿತು. ಆಡಳಿತ ವೆಚ್ಚದ ಮಿತಿ ಶೇಕಡಾ 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆಗಳ ಮೂಲಕ ಬರುತ್ತಿದ್ದ ನೆರವನ್ನು ನಂಬಿದ್ದ ಸಣ್ಣ ಸಂಘಗಳ ಬಾವಿ ಅಲ್ಲಿಗೆ ಬತ್ತಿತು. ಅದೇ ವರ್ಷದ ಮಾರ್ಚ್ ಕೊನೆಯಲ್ಲಿ ದೇಶವೇ ಬೀಗ ಹಾಕಿಕೊಂಡಾಗ ಭಾನುವಾರದ ಕಾಣಿಕೆ ನಿಂತುಹೋದದ್ದನ್ನು ಯಾರೂ ಮರೆತಿಲ್ಲ. ಬಡವರ ಅಗತ್ಯ ಬೆಟ್ಟದಂತೆ ಬೆಳೆದ ವಾರಗಳಲ್ಲೇ ಕಾಣಿಕೆಯ ತಟ್ಟೆ ಖಾಲಿಯಾಗಿತ್ತು. ಧರ್ಮಾರ್ಥ ಸಂಸ್ಥೆಯ ಕಷ್ಟದ ಮರ್ಮವೇ ಇದು. ಕಾಲ ಕೆಟ್ಟಾಗ ವ್ಯಾಪಾರಿಯ ಗಿರಾಕಿಗಳು ಕಡಿಮೆಯಾಗುತ್ತಾರೆ, ನಮ್ಮ ಬಾಗಿಲಿಗೆ ಬರುವವರು ಹೆಚ್ಚಾಗುತ್ತಾರೆ. ಆದಾಯ ಮಾತ್ರ ಇಬ್ಬರಿಗೂ ಇಳಿಯುತ್ತದೆ.

ಹಾಗಿದ್ದಲ್ಲಿ ಏನನ್ನು ಬಿಡಬೇಕು, ಏನನ್ನು ಉಳಿಸಬೇಕು? ಎಲ್ಲ ಬಾಬುಗಳಿಂದಲೂ ಸಮನಾಗಿ ಹತ್ತು ಹತ್ತು ರೂಪಾಯಿ ಕಡಿತ ಮಾಡುವುದು ಸುಲಭದ ಮಾರ್ಗ, ಯಾರಿಗೂ ಸಿಟ್ಟು ಬಾರದ ಮಾರ್ಗ. ನಮ್ಮ ದೃಷ್ಟಿಯಲ್ಲಿ ಅದು ಹೊಣೆಯಿಂದ ನುಣುಚಿಕೊಳ್ಳುವ ಮಾರ್ಗವೂ ಹೌದು. ಅಕ್ಕಿಯ ವಿಷಯವನ್ನೇ ತೆಗೆದುಕೊಳ್ಳಿ. ತಿಂಗಳಿಗೊಮ್ಮೆ ಅಕ್ಕಿ ಹಂಚುವುದು ನಮ್ಮ ಸಭೆಯ ಬಹು ಹಳೆಯ ಕೆಲಸ. ಆದರೆ 2013ರಲ್ಲಿ ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾದ ಮೇಲೆ ಪಡಿತರ ಚೀಟಿಯಿದ್ದ ಮನೆಗಳಲ್ಲಿ ಅಕ್ಕಿಯ ಕೊರತೆ ಬಹುಮಟ್ಟಿಗೆ ನೀಗಿತು. ನಾವು ಭೇಟಿ ಕೊಡುವ ಮನೆಗಳಲ್ಲಿ ಇಂದು ಕೇಳಿಬರುವುದು ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಖರ್ಚು, ಸಕ್ಕರೆ ಕಾಯಿಲೆಯ ಮಾತ್ರೆ, ಮಗಳ ನರ್ಸಿಂಗ್ ಕಾಲೇಜಿನ ಶುಲ್ಕ, ಮೂರು ತಿಂಗಳ ಬಾಕಿ ಬಾಡಿಗೆ. ಚೀಟಿಯೇ ಇಲ್ಲದ ವಲಸೆ ಕುಟುಂಬಕ್ಕೆ ಅಕ್ಕಿ ಇಂದಿಗೂ ಬೇಕು. ಉಳಿದವರಿಗೆ ಅಭ್ಯಾಸಬಲದಿಂದ ಕೊಡುತ್ತಿದ್ದೇವೆಯೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು.

ಇದು ಕಠಿಣ ಮಾತೆಂದು ತೋರಬಹುದು. ವಿನ್ಸೆಂಟರ ಕಾಲದಲ್ಲೂ ಇದಕ್ಕಿಂತ ಕಠಿಣವಾದ ಆಯ್ಕೆ ಎದುರಾಗಿತ್ತು. 1638ರಲ್ಲಿ ಪ್ಯಾರಿಸಿನ ಬೀದಿಗಳಲ್ಲಿ ಬಿಟ್ಟುಹೋದ ಶಿಶುಗಳನ್ನು ಸಾಕುವ ಕೆಲಸ ಕೈಗೆತ್ತಿಕೊಂಡಾಗ, ಇದ್ದ ಹಣಕ್ಕೆ ಹನ್ನೆರಡು ಮಕ್ಕಳನ್ನು ಮಾತ್ರ ಸಾಕಲು ಸಾಧ್ಯವಿತ್ತು. ಆ ಹನ್ನೆರಡನ್ನು ಚೀಟಿ ಎತ್ತಿ ಆರಿಸಿದರು. ಎರಡು ವರ್ಷಗಳಲ್ಲಿ ಎಲ್ಲ ಶಿಶುಗಳ ಹೊಣೆಯನ್ನೂ ಹೊತ್ತರು. ಮುಂದೆ ಬೆಲೆಯೇರಿಕೆ, ಅಂತರ್ಯುದ್ಧಗಳ ಭಾರದಲ್ಲಿ ಕೈಚೆಲ್ಲುವ ಪ್ರಸಂಗ ಬಂದಾಗ, ಹಣ ಒದಗಿಸುತ್ತಿದ್ದ ಸ್ತ್ರೀಯರ ಮುಂದೆ ವಿನ್ಸೆಂಟರು ಪ್ರಶ್ನೆಯನ್ನು ಬಚ್ಚಿಡದೆ ಇಟ್ಟರು: ನೀವು ಮುಂದುವರಿಸಿದರೆ ಮಕ್ಕಳು ಬದುಕುತ್ತಾರೆ, ಬಿಟ್ಟರೆ ಸಾಯುತ್ತಾರೆ, ತೀರ್ಮಾನ ನಿಮ್ಮದು. ಕೆಲಸ ಮುಂದುವರಿಯಿತು. ಚಿಕ್ಕದಾಗಿ ಆರಂಭಿಸಲು ಅವರು ನಾಚಲಿಲ್ಲ. ಕಷ್ಟದ ಲೆಕ್ಕವನ್ನು ದಾನಿಗಳಿಂದ ಮರೆಮಾಚಲೂ ಇಲ್ಲ.

ಷರತ್ತಿನೊಡನೆ ಬರುವ ಹಣದ ಬಗ್ಗೆಯೂ ಒಂದೆರಡು ಮಾತು ಅಗತ್ಯ. 1861ರಲ್ಲಿ ಫ್ರಾನ್ಸಿನ ಗೃಹಮಂತ್ರಿ ಪೆರ್ಸಿನ್ಯಿ, ನಮ್ಮ ಸಭೆಯ ಕೇಂದ್ರ ಮಂಡಲಿಗೆ ಸರ್ಕಾರವೇ ಅಧ್ಯಕ್ಷರನ್ನು ನೇಮಿಸಬೇಕೆಂದು ಒತ್ತಾಯಿಸಿದರು. ಒಪ್ಪಿದ್ದರೆ ಮನ್ನಣೆಯೂ ಸೌಕರ್ಯವೂ ದೊರೆಯುತ್ತಿದ್ದವು. ಹೆಚ್ಚಿನ ಶಾಖೆಗಳು ಒಪ್ಪಲಿಲ್ಲ. ಪ್ಯಾರಿಸಿನ ಕೇಂದ್ರ ಮಂಡಲಿ ವಿಸರ್ಜನೆಗೊಂಡಿತು. ಮನೆಮನೆಯ ಭೇಟಿ ನಿಂತುಹೋಗಲಿಲ್ಲ, ಏಕೆಂದರೆ ಅದು ಕೇಂದ್ರದ ಕಚೇರಿಯನ್ನು ಅವಲಂಬಿಸಿರಲಿಲ್ಲ. ಇಂದು 2013ರ ಕಂಪನಿ ಕಾನೂನಿನಂತೆ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕಾಗಿದೆ. ಆ ಹಣವನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಫಲಕದ ಮೇಲಿನ ಹೆಸರಿಗಾಗಿ ನಮ್ಮ ಕೆಲಸದ ದಿಕ್ಕು ತಿರುಗುವುದಾದರೆ, ಅದಕ್ಕಿಂತ ಭಾನುವಾರದ ಚೀಲದಲ್ಲಿ ಬೀಳುವ ಹತ್ತು ರೂಪಾಯಿಯೇ ಮೇಲು.

ಇನ್ನು ನಮ್ಮ ಮನೆಯ ಮಾತು. ಶತಮಾನೋತ್ಸವದ ಸ್ಮಾರಕವಾಗಿ ಸಮುದಾಯ ಭವನವನ್ನು ಕಟ್ಟಬೇಕು, ಬಡವರ ನಿಧಿಯ ಠೇವಣಿಯನ್ನು ಅದರಲ್ಲಿ ತೊಡಗಿಸಬೇಕು, ಭವನದ ಬಾಡಿಗೆಯಿಂದ ಬಡವರಿಗೆ ನೆರವಾಗಬೇಕು ಎಂಬ ಸಲಹೆ ಕೆಲವು ಹಿರಿಯರಿಂದ ಬಂದಿದೆ. ಅವರ ಸದುದ್ದೇಶವನ್ನು ನಾವು ಗೌರವಿಸುತ್ತೇವೆ. ಠೇವಣಿ ಬ್ಯಾಂಕಿನಲ್ಲಿ ಸವೆಯುತ್ತಿದೆ ಎಂಬ ಅವರ ವಾದವೂ ನಿಜವೇ. ಆದಾಗ್ಯೂ ನಾವು ಈ ಸಲಹೆಯನ್ನು ಒಪ್ಪಲಾರೆವು. ನಿರ್ದಿಷ್ಟ ಉದ್ದೇಶಕ್ಕೆ ವಿಶ್ವಾಸಿಗಳು ಕೊಟ್ಟದ್ದನ್ನು ಆ ಉದ್ದೇಶಕ್ಕೇ ಬಳಸಬೇಕೆಂದು 1983ರ ಶ್ರೀಸಭೆಯ ಕಾನೂನು ಸಂಹಿತೆಯ 1267ನೆಯ ವಿಧಿ ಹೇಳುತ್ತದೆ. ಅದಲ್ಲದೆ, ಮದುವೆಗಳೇ ನಡೆಯದ 2020ರ ತಿಂಗಳುಗಳಲ್ಲಿ ಭವನಗಳ ಬಾಡಿಗೆ ಏನಾಯಿತೆಂಬುದನ್ನೂ ನೆನೆಯಬೇಕು. ಬಡವರಿಗೆ ಅತ್ಯಂತ ಕಷ್ಟ ಬಂದ ದಿನವೇ ಬತ್ತುವ ಆದಾಯವನ್ನು ಬಡವರ ಆಸರೆ ಎನ್ನಲಾಗದು. ಭವನ ಬೇಕಾದರೆ ಭವನಕ್ಕೆಂದೇ ಚಂದಾ ಎತ್ತೋಣ. ಆ ಪಟ್ಟಿಯಲ್ಲಿ ನಮ್ಮ ಹೆಸರುಗಳೂ ಇರುತ್ತವೆ.

ನಿಧಿಯ ವಿಷಯದಲ್ಲಿ ನಮ್ಮ ಸಲಹೆ ಇಷ್ಟು. ಆರು ತಿಂಗಳ ವೆಚ್ಚಕ್ಕೆ ಸಾಲುವಷ್ಟನ್ನು ತುರ್ತಿಗಾಗಿ ಠೇವಣಿಯಲ್ಲೇ ಉಳಿಸೋಣ. ಮಿಕ್ಕದ್ದನ್ನು ಐದು ವರ್ಷಗಳಲ್ಲಿ ಹಂತಹಂತವಾಗಿ ನರ್ಸಿಂಗ್, ಐಟಿಐ ಮೊದಲಾದ ತರಬೇತಿಗೆ ಹೋಗುವ ಬಡ ಮಕ್ಕಳಿಗೆ ಬಡ್ಡಿಯಿಲ್ಲದ ಸಾಲವಾಗಿ ಕೊಡೋಣ. ಕೆಲಸ ಸಿಕ್ಕ ಮೇಲೆ ಕಂತಿನಲ್ಲಿ ಹಿಂದಿರುಗಿಸಲಿ. ಎಲ್ಲರೂ ಹಿಂದಿರುಗಿಸುವುದಿಲ್ಲ, ಅಷ್ಟನ್ನು ನಾವು ಬಲ್ಲೆವು. ಬ್ಯಾಂಕಿನಲ್ಲಿ ಸವೆಯುವುದಕ್ಕಿಂತ ಒಂದು ಮನೆಯ ಮಗಳ ಕೈಯಲ್ಲಿ ಸವೆಯಲಿ. ವಿಶ್ವಾಸಿಗಳು ಕೊಟ್ಟ ಹಣದ ಲೆಕ್ಕವನ್ನು ಅವರಿಗೇ ಒಪ್ಪಿಸಬೇಕೆಂಬುದು ಅದೇ ಸಂಹಿತೆಯ 1287ನೆಯ ವಿಧಿಯ ಆಶಯ. ಆದ್ದರಿಂದ ನೆರವು ಪಡೆದವರ ಹೆಸರನ್ನು ಬಿಟ್ಟು ಉಳಿದ ಜಮಾಖರ್ಚನ್ನು ಪ್ರತಿ ತಿಂಗಳೂ ದೇವಾಲಯದ ಬಾಗಿಲ ಬಳಿಯ ಫಲಕದಲ್ಲಿ ಅಂಟಿಸತಕ್ಕದ್ದು. ಖಜಾಂಚಿಯ ಸ್ಥಾನ ಮೂರು ವರ್ಷಕ್ಕೊಮ್ಮೆ ಬದಲಾಗತಕ್ಕದ್ದು, ಮತ್ತು ಮುಂದಿನ ಖಜಾಂಚಿ ಒಬ್ಬ ಮಹಿಳೆಯಾಗತಕ್ಕದ್ದು.

ಬರುವ ತಿಂಗಳ ಮೊದಲ ಭಾನುವಾರ ಎರಡನೆಯ ಬಲಿಪೂಜೆಯ ನಂತರ ಶಾಲೆಯ ಕೋಣೆಯಲ್ಲಿ ಈ ಸಲಹೆಗಳು ಚರ್ಚೆಗೆ ಬರಲಿವೆ. ಲೆಕ್ಕದ ಪುಸ್ತಕಗಳೆಲ್ಲವೂ ಮೇಜಿನ ಮೇಲಿರುತ್ತವೆ. ಭವನದ ಪರವಾಗಿರುವವರು ತಪ್ಪದೆ ಬರಬೇಕೆಂದು ವಿಶೇಷವಾಗಿ ಕೋರುತ್ತೇವೆ.