ನಿಸರ್ಗದತ್ತ ಹಕ್ಕುಗಳು
(ಶತಮಾನೋತ್ಸವದ ಪೂರ್ವಸಿದ್ಧತಾ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಕೃಷ್ಣರಾಜ ಮಾರುಕಟ್ಟೆಯಿಂದ ಅವೆನ್ಯೂ ರಸ್ತೆ ಹಿಡಿದು ಮೈಸೂರು ಬ್ಯಾಂಕ್ ವೃತ್ತವನ್ನು ದಾಟಿದರೆ ಫ್ರೀಡಂ ಪಾರ್ಕ್ ಸಿಗುತ್ತದೆ. ಹಿಂದೆ ಅದೇ ಕೇಂದ್ರ ಕಾರಾಗೃಹವಾಗಿತ್ತೆಂಬುದನ್ನು ನಮ್ಮ ಹಿರಿಯರು ಬಲ್ಲರು. ತುರ್ತು ಪರಿಸ್ಥಿತಿ ಘೋಷಣೆಯಾದ ಮರುದಿನ, 1975ರ ಜೂನ್ 26ರಂದು, ಸಂಸದೀಯ ಸಮಿತಿಯ ಸಭೆಗೆಂದು ನಗರಕ್ಕೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ಬಂಧಿಸಿ ಅಲ್ಲಿರಿಸಲಾಯಿತು. ಅವರು ಕರ್ನಾಟಕ ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಇಂತಹ ಅರ್ಜಿಗಳನ್ನು ವಿಚಾರಿಸಲು ತನಗೆ ಅಧಿಕಾರವುಂಟೆಂದು ಆ ನ್ಯಾಯಾಲಯ ಹೇಳಿತು. ಸರ್ಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು.

ಅಲ್ಲಿ ಎದ್ದ ಪ್ರಶ್ನೆ ಬಹು ದೊಡ್ಡದು. ರಾಷ್ಟ್ರಪತಿಗಳ ಆಜ್ಞೆಯಿಂದ ಸಂವಿಧಾನದ 21ನೆಯ ವಿಧಿಯ ರಕ್ಷಣೆ ಅಮಾನತಾದರೆ ಮನುಷ್ಯನ ಬದುಕುವ ಹಕ್ಕು ಏನಾಗುತ್ತದೆ? ಅಕ್ರಮವಾಗಿ ಒಬ್ಬನ ಪ್ರಾಣವನ್ನೇ ತೆಗೆದರೂ ಅವನ ಕಡೆಯವರಿಗೆ ನ್ಯಾಯಾಲಯದ ಬಾಗಿಲು ಮುಚ್ಚಿರುತ್ತದೆಯೇ? ಹೌದು, ಮುಚ್ಚಿರುತ್ತದೆ ಎಂಬುದೇ ಸರ್ಕಾರದ ವಾದವಾಗಿತ್ತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರ್ಕಾರದ ಪಕ್ಷವನ್ನೇ ಎತ್ತಿಹಿಡಿದರು. ಎಚ್.ಆರ್. ಖನ್ನಾ ಒಬ್ಬರು ಮಾತ್ರ, ಜೀವ ಮತ್ತು ಸ್ವಾತಂತ್ರ್ಯಗಳಿಗೆ ಸಂವಿಧಾನದ ಆ ಒಂದು ವಿಧಿಯೇ ಏಕೈಕ ಆಧಾರವಲ್ಲವೆಂದು ಭಿನ್ನಮತ ಬರೆದರು. ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿಯ ಸ್ಥಾನ ಅವರ ಕೈತಪ್ಪಿತು.

ತೀರ್ಪು ಬಂದ ಮೂರೇ ದಿನಕ್ಕೆ, ಮೇ 1ರಂದು, ಇದೇ ಬೆಂಗಳೂರಿನಲ್ಲಿ ಲಾರೆನ್ಸ್ ಫೆರ್ನಾಂಡಿಸರನ್ನು ಹಿಡಿದು ಚಿತ್ರಹಿಂಸೆಗೆ ಗುರಿಪಡಿಸಲಾಯಿತು. ಅವರು ಮಂಗಳೂರಿನ ಕಥೋಲಿಕ ಕುಟುಂಬದವರು; ನಮ್ಮ ನಗರದ ಸಂತ ಪೇತ್ರರ ಗುರುಮಠದಲ್ಲಿ ಕೆಲಕಾಲ ಓದಿದ್ದ ಜಾರ್ಜ್ ಫೆರ್ನಾಂಡಿಸರ ತಮ್ಮ. ಪೊಲೀಸರು ಹುಡುಕುತ್ತಿದ್ದುದು ಅಣ್ಣನನ್ನು.

ನ್ಯಾಯಮೂರ್ತಿ ಖನ್ನಾ ಅವರ ಮಾತು ಧರ್ಮಸಭೆಗೆ ಹೊಸದೇನಲ್ಲ. ಮಾನವನು ರಾಜ್ಯಕ್ಕಿಂತ ಹಿರಿಯನೆಂದು ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲಿಯೇ ಬೋಧಿಸಿದ್ದರು. ದೇವರ ಪ್ರತಿರೂಪವಾಗಿ ಸೃಷ್ಟಿಯಾದವನಿಗೆ ಹುಟ್ಟಿನೊಡನೆ ಬಂದುದನ್ನು ಸರ್ಕಾರವು ಕಾಯಬೇಕು. ತಾನೇ ದಾನಮಾಡಿದೆನೆಂದು ಹಿಂದಕ್ಕೆ ಕೇಳಲಾಗದು. ಒಂದು ಹಕ್ಕಿನ ಬೆನ್ನಿಗೆ ಇತರರ ಹಕ್ಕನ್ನು ಮನ್ನಿಸುವ ಕರ್ತವ್ಯವೂ ಅಂಟಿಕೊಂಡಿದೆಯೆಂದು ಇಪ್ಪತ್ತಮೂರನೆಯ ಜಾನರು 1963ರ ತಮ್ಮ ಪರಿಪತ್ರದಲ್ಲಿ ಸೇರಿಸಿದರು. ಈ ಎರಡನೆಯ ಮಾತನ್ನು ನಾವು ಬೇಗ ಮರೆಯುತ್ತೇವೆ.

ದೇಶದ ನ್ಯಾಯಾಲಯವು ತನ್ನ ತಪ್ಪನ್ನು ತಿದ್ದಿಕೊಳ್ಳಲು ನಲವತ್ತೊಂದು ವರ್ಷ ಬೇಕಾಯಿತು. ಅದಕ್ಕೂ ನಮ್ಮ ನಗರದ ಹಿರಿಯರೊಬ್ಬರೇ ನಿಮಿತ್ತರಾದರು. ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ಮಂದಿಯ ಪೀಠವು 1976ರ ತೀರ್ಪನ್ನು ತಳ್ಳಿಹಾಕಿತು. ಹಳೆಯ ತೀರ್ಪಿಗೆ ಒಪ್ಪಿಗೆಯಿತ್ತವರಲ್ಲಿ ಒಬ್ಬರ ಪುತ್ರರೇ ಅದನ್ನು ತಪ್ಪೆಂದು ಬರೆದರೆಂಬುದು ಗಮನಾರ್ಹ.

ಇನ್ನು ನಮ್ಮ ಮನೆಯ ಮಾತು. ಶತಮಾನೋತ್ಸವದ ಶೋಭೆಗೆ ಕುಂದೆಂದು, ದೇವಾಲಯದ ಹೊರಗೋಡೆಗೆ ಒರಗಿ ಹೂವು, ಸೊಪ್ಪು ಮಾರುವ ಹೆಂಗಸರನ್ನು ಎಬ್ಬಿಸುವಂತೆ ಪಾಲಿಕೆಗೆ ಸಲ್ಲಿಸಲು ಒಂದು ಮನವಿ ಸಿದ್ಧವಾಗಿ ನಮ್ಮ ಮೇಜಿಗೆ ಬಂದಿದೆ. ಬರೆದವರು ಸದುದ್ದೇಶದವರೇ. ಆದರೆ ಜೀವನೋಪಾಯವೂ ಬದುಕುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ, ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಮೊಕದ್ದಮೆಯಲ್ಲಿ ಹೇಳಿದೆ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕಾಯಿದೆಯೂ ಉಂಟು. ಕಾಯಿದೆ ಇಲ್ಲದಿದ್ದರೂ ನಮ್ಮ ಉತ್ತರ ಇದೇ ಆಗಿರುತ್ತಿತ್ತು. ಆ ಮನವಿಗೆ ನಾವು ಸಹಿ ಹಾಕಿಲ್ಲ. ಮೆರವಣಿಗೆಯ ಸಂಜೆ ಬಾಗಿಲಿನ ಎರಡೂ ಬದಿಗೆ ಸ್ವಲ್ಪ ಸರಿದು ಕೂರಲು ಆ ತಾಯಂದಿರನ್ನೇ ಕೇಳಿಕೊಂಡೆವು, ಅವರು ಒಪ್ಪಿದ್ದಾರೆ. ಬಲಿಪೀಠದ ಹೂವನ್ನು ಈ ವರ್ಷ ಅವರಿಂದಲೇ ಕೊಳ್ಳುವುದೆಂದೂ ಮಾತಾಗಿದೆ.